ಬಸುರಿಯ ರಕ್ತದಲ್ಲಿ ಏರುವ ಲೆಪ್ಟಿನ್: ಕೊಬ್ಬಿನದೋ, ಮಾಸಿನದೋ?

ನನ್ನ ಚಿಕ್ಕಮ್ಮನ ಮಗಳಿಗೆ ಆಗ ಏಳನೇ ತಿಂಗಳು ನಡೆಯುತ್ತಿತ್ತು. ಆಫೀಸಿನ ಗೆಳತಿ ಮಾಡಿಸಿದ್ದಳು ಅಂತ ಇವಳೂ ಒಂದು ಖಾಸಗಿ ಲ್ಯಾಬ್‌ನಲ್ಲಿ ದೊಡ್ಡ ಪ್ಯಾಕೇಜಿನ ರಕ್ತಪರೀಕ್ಷೆ ಮಾಡಿಸಿಕೊಂಡಳು. ಡಾಕ್ಟರ್ ಬರೆದುಕೊಟ್ಟಿದ್ದಲ್ಲ, ತಾನಾಗಿ ಮಾಡಿಸಿದ್ದು. ರಾತ್ರಿ ವಾಟ್ಸಾಪ್‌ಗೆ ರಿಪೋರ್ಟ್ ಬಂತು. ಅದರಲ್ಲಿ 'ಲೆಪ್ಟಿನ್' ಅನ್ನುವ ಸಾಲಿನ ಮುಂದೆ ಕೆಂಪು ಬಾಣ. ಕೊಟ್ಟಿದ್ದ ಮಿತಿಗಿಂತ ಎರಡು ಪಟ್ಟಿಗೂ ಜಾಸ್ತಿ. ಗೂಗಲ್‌ನಲ್ಲಿ ಹುಡುಕಿದರೆ ಲೆಪ್ಟಿನ್ ಅಂದರೆ ಕೊಬ್ಬಿನ ಹಾರ್ಮೋನು, ಬೊಜ್ಜು ಇರುವವರಲ್ಲಿ ಜಾಸ್ತಿ ಇರುತ್ತದೆ ಅಂತ ಬಂತು. ಅಷ್ಟೇ ಸಾಕಾಯಿತು. ಮನೆಯಲ್ಲಿ ಯಾರೋ 'ಜಾಸ್ತಿ ತಿಂತಿದ್ದೀಯ ಅಂತ ನಾನು ಹೇಳಿರಲಿಲ್ವಾ' ಅಂದರು. ಅವಳು ಹತ್ತು ದಿನ ರಾತ್ರಿ ಊಟವನ್ನು ಒಂದೇ ಚಪಾತಿಗೆ ಇಳಿಸಿದಳು, ಅದನ್ನೂ ಅಳುತ್ತಾ ತಿಂದಳು, ಆಮೇಲೆ ನನಗೆ ಫೋನ್ ಮಾಡಿದಳು. 'ಅಕ್ಕಾ, ಮಗುಗೆ ಏನಾದ್ರೂ ಆಗತ್ತಾ?'

ಆ ರಿಪೋರ್ಟ್‌ನಲ್ಲಿ ಅಚ್ಚಾಗಿದ್ದ ಮಿತಿ ಬಸುರಿಯಲ್ಲದ ಹೆಂಗಸರದು. ಏಳು ತಿಂಗಳ ಬಸುರಿಯಲ್ಲಿ ಲೆಪ್ಟಿನ್ ಎರಡು-ಮೂರು ಪಟ್ಟು ಏರಿರುವುದು ಸಹಜ. ಏರದೇ ಇದ್ದಿದ್ದರೆ ಆಶ್ಚರ್ಯಪಡಬೇಕಿತ್ತು. ಇದನ್ನು ಅವಳಿಗೆ ಫೋನಿನಲ್ಲಿ ಎರಡು ನಿಮಿಷದಲ್ಲಿ ಹೇಳಿ ಸಮಾಧಾನ ಮಾಡಿದೆ. ಆದರೆ ಯಾಕೆ ಏರುತ್ತದೆ, ಎಲ್ಲಿಂದ ಬರುತ್ತದೆ, ಯಾವಾಗ ಅದು ನಿಜವಾಗಿ ತೊಂದರೆಯ ಗುರುತು ಆಗುತ್ತದೆ ಅನ್ನುವುದು ಎರಡು ನಿಮಿಷದ ಮಾತಲ್ಲ. ಅದಕ್ಕೇ ಇಷ್ಟು ಉದ್ದಕ್ಕೆ ಬರೆಯುತ್ತಿದ್ದೇನೆ.

ಮೊದಲು ಕೊಬ್ಬಿನ ಬಗ್ಗೆ. ನಾವೆಲ್ಲ ಕೊಬ್ಬನ್ನು ಗೋದಾಮು ಅಂತ ಮಾತ್ರ ಅಂದುಕೊಂಡು ಬೆಳೆದವರು. ಉಳಿದ ಊಟ ಅಲ್ಲಿ ಹೋಗಿ ಕೂರುತ್ತದೆ, ಉಪವಾಸ ಬಿದ್ದರೆ ಹೊರಗೆ ಬರುತ್ತದೆ, ಅಷ್ಟೇ. ವಿಜ್ಞಾನಿಗಳೂ ತುಂಬಾ ಕಾಲ ಹೆಚ್ಚುಕಡಿಮೆ ಹಾಗೇ ನೋಡುತ್ತಿದ್ದರು. ಆ ನೋಟ ಬದಲಾಗಿದ್ದು ಇಲಿಗಳಿಂದ. ಅಮೆರಿಕದ ಬಾರ್ ಹಾರ್ಬರ್‌ನ ಜಾಕ್ಸನ್ ಲ್ಯಾಬೊರೇಟರಿಯಲ್ಲಿ ಒಂದು ತಳಿಯ ಇಲಿ ಹೊಟ್ಟೆ ತುಂಬಿದ್ದೇ ಗೊತ್ತಾಗದ ಹಾಗೆ ತಿಂದು ತಿಂದು ಚೆಂಡಿನಂತೆ ಊದುತ್ತಿತ್ತು. ಡಗ್ಲಸ್ ಕೋಲ್ಮನ್ ಅನ್ನುವವರು ಆ ದಪ್ಪ ಇಲಿಯ ರಕ್ತ ಮತ್ತು ಮಾಮೂಲಿ ಇಲಿಯ ರಕ್ತ ಒಂದರೊಳಗೆ ಒಂದು ಹರಿಯುವಂತೆ ಎರಡನ್ನೂ ಜೋಡಿಸಿದರು. ದಪ್ಪ ಇಲಿ ಕಡಿಮೆ ತಿನ್ನತೊಡಗಿತು, ಇಳಿಯಿತು. ಅಂದರೆ ಮಾಮೂಲಿ ಇಲಿಯ ರಕ್ತದಲ್ಲಿ 'ಸಾಕು' ಅಂತ ಹೇಳುವ ಏನೋ ಒಂದಿದೆ, ದಪ್ಪ ಇಲಿಯಲ್ಲಿ ಅದು ಇಲ್ಲ. ಆ 'ಏನೋ' ಸಿಕ್ಕಿದ್ದು 1994ರಲ್ಲಿ, ನ್ಯೂಯಾರ್ಕಿನ ರಾಕೆಫೆಲ್ಲರ್ ವಿಶ್ವವಿದ್ಯಾಲಯದ ಜೆಫ್ರಿ ಫ್ರೀಡ್‌ಮನ್ ಅವರ ಲ್ಯಾಬ್‌ನಲ್ಲಿ. ಗ್ರೀಕಿನಲ್ಲಿ ತೆಳ್ಳಗೆ ಅನ್ನುವುದಕ್ಕೆ ಲೆಪ್ಟೋಸ್ ಅನ್ನುತ್ತಾರೆ, ಅದರಿಂದ ಲೆಪ್ಟಿನ್ ಅಂತ ಹೆಸರಾಯಿತು. ಅದನ್ನು ಮಾಡುತ್ತಿದ್ದದ್ದು ಕೊಬ್ಬಿನ ಕೋಶಗಳೇ.

ಅಂದರೆ ಕೊಬ್ಬು ಸುಮ್ನೆ ಕೂತಿಲ್ಲ. ಅದು ರಕ್ತಕ್ಕೆ ಸಂದೇಶಗಳನ್ನು ಬಿಡುತ್ತದೆ. ಲೆಪ್ಟಿನ್ ಮೆದುಳಿಗೆ ಹೇಳುವುದು ಮುಖ್ಯವಾಗಿ 'ಕಣಜದಲ್ಲಿ ಎಷ್ಟಿದೆ' ಅನ್ನುವ ಲೆಕ್ಕ. ಕೊಬ್ಬು ಜಾಸ್ತಿ ಇದ್ದರೆ ಲೆಪ್ಟಿನ್ ಜಾಸ್ತಿ, ಕೊಬ್ಬು ಕರಗಿದರೆ ಲೆಪ್ಟಿನ್ ಇಳಿಯುತ್ತದೆ. ಈ ಲೆಕ್ಕಕ್ಕೂ ಬಸಿರಿಗೂ ಮೊದಲಿನಿಂದಲೇ ನಂಟಿದೆ. ಲೆಪ್ಟಿನ್ ಇಲ್ಲದ ಆ ದಪ್ಪ ಇಲಿಗಳಿಗೆ ಮರಿಯೇ ಆಗುತ್ತಿರಲಿಲ್ಲ. 1996ರಲ್ಲಿ ಅವಕ್ಕೆ ಲೆಪ್ಟಿನ್ ಚುಚ್ಚಿ ನೋಡಿದಾಗ ಗರ್ಭ ನಿಂತಿತು. ಮನುಷ್ಯರಲ್ಲೂ ಅಷ್ಟೇ. ತುಂಬಾ ಕಠಿಣ ವ್ಯಾಯಾಮ ಮಾಡಿ, ಕಡಿಮೆ ತಿಂದು, ಕೊಬ್ಬು ಪೂರ್ತಿ ಇಳಿದ ಹುಡುಗಿಯರಿಗೆ ಮುಟ್ಟು ನಿಂತುಹೋಗುವುದನ್ನು ಕ್ರೀಡಾಪಟುಗಳಲ್ಲಿ ನೋಡುತ್ತೇವಲ್ಲ, ಅಂಥ ಕೆಲವರಿಗೆ ಲೆಪ್ಟಿನ್ ಕೊಟ್ಟಾಗ ಮತ್ತೆ ಅಂಡ ಬಿಡುಗಡೆಯಾಗಿದ್ದನ್ನು 2004ರಲ್ಲಿ ವರದಿ ಮಾಡಿದರು. ಒಂದು ಮಗುವನ್ನು ಹೊತ್ತು ಹೆರುವುದಕ್ಕೆ ಎಂಬತ್ತು ಸಾವಿರ ಕ್ಯಾಲೊರಿಯ ಆಸುಪಾಸು ಖರ್ಚು ಇದೆ. ಕಣಜ ಖಾಲಿ ಇದ್ದಾಗ ದೇಹ ಆ ಕೆಲಸಕ್ಕೆ ಕೈ ಹಾಕುವುದಿಲ್ಲ. ಹೆಂಗಸಿನ ಮೈಯಲ್ಲಿರುವ ಕೊಬ್ಬನ್ನು ತಪ್ಪು ಅಂತ ನೋಡುವವರಿಗೆ ನಾನು ಮೊದಲು ಹೇಳುವುದು ಇದನ್ನೇ.

ಎರಡನೇ ಸಂದೇಶ ಅಡಿಪೊನೆಕ್ಟಿನ್. 1995–96ರಲ್ಲಿ ಅಮೆರಿಕದಲ್ಲೂ ಜಪಾನಿನಲ್ಲೂ ಬೇರೆ ಬೇರೆ ತಂಡಗಳು ಇದನ್ನು ಕಂಡುಹಿಡಿದವು. ಇದು ವಿಚಿತ್ರ. ಕೊಬ್ಬಿನ ಕೋಶವೇ ಇದನ್ನು ಮಾಡುತ್ತದೆ, ಆದರೆ ಕೊಬ್ಬು ಜಾಸ್ತಿಯಾದಷ್ಟೂ ರಕ್ತದಲ್ಲಿ ಇದು ಕಡಿಮೆಯಾಗುತ್ತದೆ. ಕೋಶ ಮಿತಿಮೀರಿ ಊದಿಕೊಂಡು, ಸುತ್ತ ಸಣ್ಣ ಮಟ್ಟದ ಉರಿಯೂತ ಶುರುವಾದಾಗ ಅಡಿಪೊನೆಕ್ಟಿನ್ ಮಾಡುವ ಕೆಲಸ ಕುಂದುತ್ತದೆ. ಇದರ ಕೆಲಸ ಇನ್ಸುಲಿನ್‌ಗೆ ನೆರವಾಗುವುದು. ಅಡಿಪೊನೆಕ್ಟಿನ್ ಚೆನ್ನಾಗಿದ್ದರೆ ಸ್ನಾಯು ಮತ್ತು ಲಿವರ್ ಇನ್ಸುಲಿನ್ನಿನ ಮಾತು ಕೇಳುತ್ತವೆ, ಕಡಿಮೆಯಾದರೆ ಕೇಳುವುದು ಕಡಿಮೆ. ರಕ್ತದಲ್ಲಿ ಇದರ ಪ್ರಮಾಣವೂ ದೊಡ್ಡದು. ಲೆಪ್ಟಿನ್ ಅನ್ನು ಒಂದು ಮಿಲಿಲೀಟರಿಗೆ ಇಷ್ಟು ನ್ಯಾನೊಗ್ರಾಂ ಅಂತ ಅಳೆದರೆ, ಅಡಿಪೊನೆಕ್ಟಿನ್ ಅನ್ನು ಮೈಕ್ರೊಗ್ರಾಂನಲ್ಲಿ ಅಳೆಯುತ್ತಾರೆ. ಒಂದು ಮೈಕ್ರೊಗ್ರಾಂ ಅಂದರೆ ಸಾವಿರ ನ್ಯಾನೊಗ್ರಾಂ.

ಹೀಗೆ ಕೊಬ್ಬಿನಿಂದ ರಕ್ತಕ್ಕೆ ಬರುವ ಸಂದೇಶಗಳಿಗೆಲ್ಲ ಒಟ್ಟಾಗಿ ಅಡಿಪೊಕೈನ್ ಅನ್ನುತ್ತಾರೆ. ಇನ್ನೂ ಹಲವು ಹೆಸರುಗಳಿವೆ. ರೆಸಿಸ್ಟಿನ್ 2001ರಲ್ಲಿ ಬಂತು. ಇಲಿಯಲ್ಲಿ ಅದನ್ನು ಕೊಬ್ಬು ಮಾಡುತ್ತದೆ, ಮನುಷ್ಯರಲ್ಲಿ ಹೆಚ್ಚಾಗಿ ಬಿಳಿ ರಕ್ತಕಣದ ಜಾತಿಯ ಕೋಶಗಳು ಮಾಡುತ್ತವೆ. ವಿಸ್ಫ್ಯಾಟಿನ್ ಅಂತ ಒಂದಿದೆ, ಅದು ಇನ್ಸುಲಿನ್ ಥರ ಕೆಲಸ ಮಾಡುತ್ತದೆ ಅಂತ 2005ರಲ್ಲಿ ದೊಡ್ಡ ಸುದ್ದಿಯಾಗಿ, 2007ರಲ್ಲಿ ಆ ಪ್ರಬಂಧವನ್ನೇ ಹಿಂದಕ್ಕೆ ತೆಗೆದುಕೊಂಡರು. ಆದರೂ ಅದನ್ನು ಬಸುರಿಯರ ರಕ್ತದಲ್ಲಿ ಅಳೆದ ಅಧ್ಯಯನಗಳು ಬರುತ್ತಲೇ ಇವೆ, ಒಂದಕ್ಕೊಂದು ತಾಳೆಯಾಗುವುದಿಲ್ಲ. ನನ್ನ ಮಟ್ಟಿಗೆ ಓದಲು ಯೋಗ್ಯವಾದ ಕತೆ ಇರುವುದು ಲೆಪ್ಟಿನ್ ಮತ್ತು ಅಡಿಪೊನೆಕ್ಟಿನ್ ಎರಡರಲ್ಲೇ. ಹಾಗಾಗಿ ಉಳಿದವನ್ನು ಇಲ್ಲಿಗೇ ಬಿಡುತ್ತೇನೆ.

ಈಗ ಬಸಿರಿಗೆ ಬರೋಣ.

ಆರೋಗ್ಯವಾಗಿರುವ ಬಸುರಿಯಲ್ಲಿ ಲೆಪ್ಟಿನ್ ಮೊದಲ ಮೂರು ತಿಂಗಳಲ್ಲೇ ಏರಲು ಶುರುವಾಗುತ್ತದೆ. ಆಗಿನ್ನೂ ವಾಂತಿ, ಓಕರಿಕೆ ನಡೆಯುತ್ತಿರುತ್ತದೆ, ಎಷ್ಟೋ ಜನರ ತೂಕ ಏರಿಯೇ ಇರುವುದಿಲ್ಲ, ಕೆಲವರು ಇಳಿದಿರುತ್ತಾರೆ. ಆದರೂ ಲೆಪ್ಟಿನ್ ಏರುತ್ತದೆ. ಸುಮಾರು 28ನೇ ವಾರದ ಹೊತ್ತಿಗೆ ಶಿಖರ ಮುಟ್ಟುತ್ತದೆ. ಹೆರಿಗೆ ಆದ ಒಂದೆರಡು ದಿನದಲ್ಲಿ ಧಡಕ್ಕನೆ ಬೀಳುತ್ತದೆ. ಇದನ್ನು ಸ್ವಲ್ಪ ನಿಧಾನವಾಗಿ ಯೋಚಿಸಿ. ಒಂದೆರಡು ದಿನದಲ್ಲಿ ಯಾರ ಕೊಬ್ಬೂ ಅಷ್ಟು ಕರಗುವುದಿಲ್ಲ. ಹಾಗಾದರೆ ಆ ದಿನ ಮೈಯಿಂದ ಹೊರಗೆ ಹೋಗಿದ್ದು ಏನು? ಮಗು ಮತ್ತು ಮಾಸು.

ಮಾಸು ಅಂದರೆ ಗೊತ್ತಲ್ಲ, ಡಾಕ್ಟರುಗಳು ಪ್ಲಾಸೆಂಟಾ ಅನ್ನುವುದು, ಮಗುವಿನ ಹಿಂದೆಯೇ ಬೀಳುತ್ತದೆ. ಕೆಲವು ಕಡೆ ಕಸ ಅಂತಲೂ ಹೇಳುತ್ತಾರೆ, ಆ ಹೆಸರು ನನಗೆ ಇಷ್ಟವಿಲ್ಲ, ಒಂಬತ್ತು ತಿಂಗಳು ಅಷ್ಟು ಕೆಲಸ ಮಾಡಿದ ಅಂಗ ಅದು. 1997ರಲ್ಲಿ ಜಪಾನಿನ ಕ್ಯೋಟೊ ವಿಶ್ವವಿದ್ಯಾಲಯದ ತಂಡವೊಂದು ಮಾಸು ಸ್ವತಃ ಲೆಪ್ಟಿನ್ ತಯಾರಿಸುತ್ತದೆ ಅಂತ ತೋರಿಸಿತು. ಅವರು ಕೊಟ್ಟ ಸಾಕ್ಷಿಗಳಲ್ಲಿ ನನಗೆ ತುಂಬಾ ನಾಟಿದ್ದು ಒಂದಿದೆ. ಕೆಲವೊಮ್ಮೆ ಗರ್ಭದಲ್ಲಿ ಮಗು ಬೆಳೆಯದೆ, ಮಾಸಿನ ಅಂಗಾಂಶ ಮಾತ್ರ ದ್ರಾಕ್ಷಿ ಗೊಂಚಲಿನ ಹಾಗೆ ಗುಳ್ಳೆ ಗುಳ್ಳೆಯಾಗಿ ಬೆಳೆಯುವ ತೊಂದರೆ ಬರುತ್ತದೆ. ಅಂಥ ಹೆಂಗಸರ ರಕ್ತದಲ್ಲೂ ಲೆಪ್ಟಿನ್ ಏರಿತ್ತು, ಚಿಕಿತ್ಸೆ ಮಾಡಿ ಅದನ್ನು ತೆಗೆದ ಮೇಲೆ ಇಳಿಯಿತು.

ಹಾಗಾಗಿ ಬಸುರಿಯ ರಕ್ತದಲ್ಲಿ ಸಿಗುವ ಲೆಪ್ಟಿನ್ ಇಬ್ಬರು ಒಂದೇ ಹಾಳೆಯಲ್ಲಿ ಬರೆದ ಕಾಗದ ಇದ್ದ ಹಾಗೆ. ಒಂದಿಷ್ಟು ಕೊಬ್ಬು ಬರೆದಿದೆ, ಒಂದಿಷ್ಟು ಮಾಸು ಬರೆದಿದೆ, ಕೈಬರಹ ಒಂದೇ. ಲ್ಯಾಬ್‌ನ ಯಂತ್ರಕ್ಕೆ ಯಾವುದು ಯಾರದ್ದು ಅಂತ ಬೇರೆ ಮಾಡಲು ಬರುವುದಿಲ್ಲ. ಬೇರೆ ಸಮಯದಲ್ಲಿ 'ಲೆಪ್ಟಿನ್ ಜಾಸ್ತಿ, ಅಂದರೆ ಕೊಬ್ಬು ಜಾಸ್ತಿ' ಅಂತ ಓದಬಹುದಾದ ಅಂಕಿಯನ್ನು ಬಸಿರಿನಲ್ಲಿ ಹಾಗೆ ಓದಲು ಆಗುವುದಿಲ್ಲ. ನನ್ನ ತಂಗಿಯ ಮನೆಯಲ್ಲಿ ಆಗಿದ್ದು ಇದೇ ತಪ್ಪು. ಮಾಸಿನ ಸಂದೇಶವನ್ನು ಅವಳ ಊಟದ ತಟ್ಟೆಯ ಮೇಲೆ ಹೊರಿಸಿದರು.

ಇನ್ನೊಂದು ಪ್ರಶ್ನೆ ಏಳುತ್ತದೆ. ಲೆಪ್ಟಿನ್ ಅಂದರೆ 'ಸಾಕು' ಅನ್ನುವ ಸಂದೇಶ ಅಂದೆ. ಅದು ಮೂರು ಪಟ್ಟು ಏರಿದರೆ ಬಸುರಿಗೆ ಹಸಿವೇ ಆಗಬಾರದಲ್ವಾ? ಆದರೆ ಎರಡನೇ ಮೂರು ತಿಂಗಳಲ್ಲಿ ಹಸಿವು ಹೇಗೆ ಕಿತ್ತು ತಿನ್ನುತ್ತದೆ ಅಂತ ಹೊತ್ತವರನ್ನೇ ಕೇಳಿ. ಇಲಿಗಳ ಮೇಲಿನ ಪ್ರಯೋಗಗಳಲ್ಲಿ ಕಂಡಿದ್ದು ಏನೆಂದರೆ, ಬಸಿರಿನಲ್ಲಿ ಮೆದುಳು ಲೆಪ್ಟಿನ್ನಿಗೆ ಕಿವುಡಾಗುತ್ತದೆ. ಎಷ್ಟು ಕೂಗಿದರೂ ಊಟ ನಿಲ್ಲಿಸುವುದಿಲ್ಲ. ತಾಯಿ ಮುಂದಿನ ತಿಂಗಳುಗಳಿಗೆ, ಆಮೇಲೆ ಹಾಲೂಡಿಸುವುದಕ್ಕೆ ಕೂಡಿಟ್ಟುಕೊಳ್ಳಬೇಕು. ಆರೋಗ್ಯವಂತ ಬಸುರಿಯಲ್ಲಿ ಮೂರು-ನಾಲ್ಕು ಕಿಲೋ ಕೊಬ್ಬು ಸೇರುವುದು ಸಾಮಾನ್ಯ, ಅದರಲ್ಲಿ ಹೆಚ್ಚಿನ ಪಾಲು ಮೂವತ್ತನೇ ವಾರದೊಳಗೇ ಸೇರುತ್ತದೆ.

ಅಡಿಪೊನೆಕ್ಟಿನ್ ಇದಕ್ಕೆ ಉಲ್ಟಾ. ಬಸಿರು ಮುಂದುವರಿದಂತೆ, ಅದರಲ್ಲೂ ಕೊನೆಯ ಮೂರು ತಿಂಗಳಲ್ಲಿ, ಇಳಿಯುತ್ತದೆ. ಇದು ಕೂಡ ರೋಗವಲ್ಲ. ಬಸಿರಿನಲ್ಲಿ ತಾಯಿಯ ಮೈ ಬೇಕಂತಲೇ ಇನ್ಸುಲಿನ್ನಿನ ಮಾತನ್ನು ಅರ್ಧ ಕೇಳದ ಹಾಗೆ ಆಗುತ್ತದೆ. ತುಂಬು ತಿಂಗಳ ಹೊತ್ತಿಗೆ ಇನ್ಸುಲಿನ್ ಕೆಲಸ ಮಾಡುವ ಶಕ್ತಿ ಮೊದಲಿಗಿಂತ ಅರ್ಧಕ್ಕಿಂತ ಕೆಳಗೆ ಇಳಿದಿರುತ್ತದೆ. ತಾಯಿಯ ಸ್ನಾಯುಗಳು ಸಕ್ಕರೆಯನ್ನು ಬೇಗ ಎಳೆದುಕೊಳ್ಳದಿದ್ದರೆ ಅದು ರಕ್ತದಲ್ಲಿ ಸ್ವಲ್ಪ ಹೊತ್ತು ಉಳಿಯುತ್ತದೆ, ಮಾಸಿನ ಮೂಲಕ ಮಗುವಿಗೆ ದಾಟುತ್ತದೆ. ತನ್ನ ಬಾಯಿಯ ತುತ್ತು ಮಗುವಿಗೆ ಬಿಡುವುದು ಅನ್ನುತ್ತೇವಲ್ಲ, ದೇಹ ಅದನ್ನೇ ಮಾಡುತ್ತಿದೆ. ಅಡಿಪೊನೆಕ್ಟಿನ್ ಇಳಿಯುವುದು, ಮಾಸಿನ ಬೇರೆ ಹಾರ್ಮೋನುಗಳು ಏರುವುದು ಎಲ್ಲ ಈ ಏರ್ಪಾಡಿನ ಭಾಗ. ಮೇದೋಜೀರಕ ಗ್ರಂಥಿ ಎರಡು ಪಟ್ಟಿಗೂ ಹೆಚ್ಚು ಇನ್ಸುಲಿನ್ ಸುರಿಸಿ ತಾಯಿಯ ಸಕ್ಕರೆಯನ್ನು ಹತೋಟಿಯಲ್ಲಿಡುತ್ತದೆ.

ಗ್ರಂಥಿಗೆ ಅದು ಆಗದೇ ಹೋದಾಗ ಬರುವುದೇ ಬಸುರಿ ಸಕ್ಕರೆ ಕಾಯಿಲೆ. ಇಲ್ಲಿ ಅಡಿಪೊನೆಕ್ಟಿನ್ ನಿಜವಾಗಿ ಏನೋ ಹೇಳುತ್ತದೆ ಅಂತ ನನಗೆ ಅನ್ನಿಸುತ್ತದೆ. ಬಸುರಿ ಸಕ್ಕರೆ ಬಂದವರಲ್ಲಿ ಲೆಪ್ಟಿನ್ ಜಾಸ್ತಿ ಅಂತ ಎಷ್ಟೋ ಅಧ್ಯಯನಗಳು ಹೇಳಿವೆ, ಆದರೆ ಅಂಥವರ ತೂಕವೂ ಸಾಮಾನ್ಯವಾಗಿ ಜಾಸ್ತಿ ಇರುತ್ತದೆ. ತೂಕವನ್ನು ಲೆಕ್ಕಕ್ಕೆ ತೆಗೆದುಕೊಂಡ ತಕ್ಷಣ ಲೆಪ್ಟಿನ್ನಿನ ವ್ಯತ್ಯಾಸ ಎಷ್ಟೋ ಕಡೆ ಸಣ್ಣದಾಗುತ್ತದೆ, ಕೆಲವು ಕಡೆ ಇಲ್ಲವೇ ಆಗುತ್ತದೆ. ಅಡಿಪೊನೆಕ್ಟಿನ್ ಹಾಗಲ್ಲ. ತೂಕ ಸರಿದೂಗಿಸಿದ ಮೇಲೂ ಕಡಿಮೆಯೇ ಇರುತ್ತದೆ. ಮೊದಲ ಮೂರು ತಿಂಗಳಲ್ಲೇ ಕಡಿಮೆ ಇದ್ದವರಿಗೆ ಆಮೇಲೆ ಸಕ್ಕರೆ ಬರುವ ಸಾಧ್ಯತೆ ಹೆಚ್ಚು ಅಂತ ಹಲವು ದೇಶಗಳಲ್ಲಿ ಕಂಡುಬಂದಿದೆ. ಉತ್ತರ ಕ್ಯಾಲಿಫೋರ್ನಿಯಾದ ಒಂದು ಅಧ್ಯಯನ ಇನ್ನೂ ಹಿಂದಕ್ಕೆ ಹೋಯಿತು. ಬಸಿರಾಗುವ ವರ್ಷಗಳ ಮೊದಲೇ ಬೇರೆ ಕಾರಣಕ್ಕೆ ಕೊಟ್ಟು, ಕೂಡಿಟ್ಟಿದ್ದ ರಕ್ತವನ್ನು ತೆಗೆದು ನೋಡಿದರು. ಮುಂದೆ ಬಸುರಿ ಸಕ್ಕರೆ ಬಂದವರಲ್ಲಿ ಆಗಲೇ ಅಡಿಪೊನೆಕ್ಟಿನ್ ಕಡಿಮೆ ಇತ್ತು, ತೂಕ ಜಾಸ್ತಿ ಇಲ್ಲದವರಲ್ಲೂ.

ಇದು ಕಾರಣವೋ, ಜೊತೆಗೆ ಬರುವ ಗುರುತೋ? ಇಲಿಯಲ್ಲಿ ಇದನ್ನು ನೇರವಾಗಿ ಪರೀಕ್ಷಿಸಬಹುದು. ಅಡಿಪೊನೆಕ್ಟಿನ್ ಮಾಡಲಾಗದ ಇಲಿಗಳು ಬಸಿರಾದಾಗ ಅವುಗಳ ಸಕ್ಕರೆ ಏರಿತು, ಮರಿಗಳು ದೊಡ್ಡದಾದವು. ಇನ್ನೊಂದು ವಿಷಯ. ತಾಯಿಯ ಅಡಿಪೊನೆಕ್ಟಿನ್ ಮಾಸಿನ ಬಾಗಿಲಲ್ಲಿ ಕಾವಲುಗಾರನ ಥರವೂ ಕೆಲಸ ಮಾಡುತ್ತದೆ, ಮಗುವಿಗೆ ಅಮೈನೊ ಆಮ್ಲಗಳು (ಪ್ರೋಟೀನಿನ ತುಣುಕುಗಳು) ದಾಟುವುದನ್ನು ಸ್ವಲ್ಪ ಹಿಡಿದಿಡುತ್ತದೆ. ಕಾವಲು ಸಡಿಲವಾದರೆ ಮಗುವಿಗೆ ಅಗತ್ಯಕ್ಕಿಂತ ಜಾಸ್ತಿ ಹರಿಯುತ್ತದೆ. ನಾಲ್ಕು ಕಿಲೋ ದಾಟಿದ ಮಗು, ಕಷ್ಟದ ಹೆರಿಗೆ, ಹುಟ್ಟಿದ ಕೂಡಲೇ ಮಗುವಿನ ಸಕ್ಕರೆ ಕುಸಿಯುವುದು, ಇವೆಲ್ಲ ಈ ದಾರಿಯಲ್ಲೇ ಸಿಗುವ ತೊಂದರೆಗಳು.

ಇಲ್ಲಿ ನಮ್ಮವರ ಮಾತು ಬರಲೇಬೇಕು. ಕೆನಡಾದ ಟೊರಾಂಟೊದಲ್ಲಿ 2004ರಲ್ಲಿ ಬಸುರಿಯರ ಅಡಿಪೊನೆಕ್ಟಿನ್ ಅಳೆದಾಗ, ದಕ್ಷಿಣ ಏಷ್ಯಾ ಮೂಲದ ಹೆಂಗಸರಲ್ಲಿ ಅದು ಬಿಳಿಯರಿಗಿಂತ ಕಡಿಮೆ ಇತ್ತು. ಹೊರದೇಶದಲ್ಲಿರುವ ಕನ್ನಡದ ಹೆಣ್ಣುಮಕ್ಕಳಿಗೆ ಅಲ್ಲಿನ ಡಾಕ್ಟರುಗಳು 'ನೀನು ದಪ್ಪ ಇಲ್ಲ, ಆದರೂ ನಿನಗೆ ಸಕ್ಕರೆ ಪರೀಕ್ಷೆ ಬೇಗ ಮಾಡಬೇಕು' ಅಂದರೆ ಬೇಸರ ಬೇಡ, ಅದರ ಹಿಂದೆ ಇಂಥ ಕಾರಣಗಳಿವೆ. ಪುಣೆಯ ಡಾಕ್ಟರ್ ಚಿತ್ತರಂಜನ್ ಯಾಜ್ಞಿಕ್ ಇದನ್ನು ಇನ್ನೂ ಹಿಂದಕ್ಕೆ, ಹುಟ್ಟಿದ ಮಗುವಿನವರೆಗೆ ತೆಗೆದುಕೊಂಡು ಹೋದರು. ಪುಣೆ ಹತ್ತಿರದ ಹಳ್ಳಿಗಳ ಮಕ್ಕಳು ಹುಟ್ಟುವಾಗ ಸರಾಸರಿ 2.7 ಕಿಲೋ, ಇಂಗ್ಲೆಂಡಿನ ಸೌತಾಂಪ್ಟನ್‌ನ ಮಕ್ಕಳು 3.5 ಕಿಲೋ. ನಮ್ಮ ಮಕ್ಕಳಲ್ಲಿ ಸ್ನಾಯು ಕಡಿಮೆ, ಹೊಟ್ಟೆಯೊಳಗಿನ ಅಂಗಗಳು ಚಿಕ್ಕವು, ಆದರೆ ಚರ್ಮದಡಿಯ ಕೊಬ್ಬು ಮಾತ್ರ ಅಷ್ಟಾಗಿ ಕಡಿಮೆ ಇರಲಿಲ್ಲ. ನೋಡಲು ಸಣಕಲು, ಒಳಗೆ ಕೊಬ್ಬು. ಇನ್ನೊಂದು ಅಧ್ಯಯನದಲ್ಲಿ ಹೊಕ್ಕುಳಬಳ್ಳಿಯ ರಕ್ತ ನೋಡಿದಾಗ, ತೂಕ ಕಡಿಮೆ ಇದ್ದರೂ ನಮ್ಮ ಮಕ್ಕಳ ಇನ್ಸುಲಿನ್ ಜಾಸ್ತಿ ಇತ್ತು.

ಕರ್ನಾಟಕದಲ್ಲೂ ಈ ಕೆಲಸ ದೊಡ್ಡದಾಗಿ ನಡೆದಿದೆ, ನಮ್ಮವರಿಗೇ ಅಷ್ಟಾಗಿ ಗೊತ್ತಿಲ್ಲ ಅನ್ನುವುದು ನನ್ನ ನೋವು. ಮೈಸೂರಿನ ಹೋಲ್ಡ್ಸ್‌ವರ್ತ್ ಮೆಮೋರಿಯಲ್ ಆಸ್ಪತ್ರೆಯಲ್ಲಿ 1997–98ರಲ್ಲಿ ಬಸುರಿಯರಿಗೆ ಗ್ಲೂಕೋಸ್ ಪರೀಕ್ಷೆ ಮಾಡಿ, ಅವರ ಮಕ್ಕಳನ್ನು ವರ್ಷಗಟ್ಟಲೆ ಹಿಂಬಾಲಿಸಿದರು. ಆ ತಾಯಂದಿರಲ್ಲಿ ನೂರಕ್ಕೆ ಆರು ಜನರಿಗೆ ಬಸುರಿ ಸಕ್ಕರೆ ಇತ್ತು. ಅವರ ಹೆಣ್ಣುಮಕ್ಕಳಿಗೆ ಐದು ವರ್ಷವಾಗುವ ಹೊತ್ತಿಗೆ ಮೈಯಲ್ಲಿ ಕೊಬ್ಬು ಜಾಸ್ತಿ ಕಂಡಿತು. ಆ ಐದು ವರ್ಷದ ಮಕ್ಕಳ ತಾಯಂದಿರು ಮಕ್ಕಳನ್ನು ಮತ್ತೆ ಮತ್ತೆ ಕರೆತಂದು, ಅಳತೆ ಕೊಟ್ಟು, ರಕ್ತ ಕೊಟ್ಟು ಸಹಕರಿಸಿದ್ದರಿಂದ ಇವತ್ತು ನಾವು ಇಷ್ಟು ಹೇಳಲು ಆಗುತ್ತಿದೆ.

ಇನ್ನು ಬಿಪಿಯ ಕತೆ. 20ನೇ ವಾರದ ಮೇಲೆ ಬಿಪಿ 140/90 ಮುಟ್ಟಿ ಅಥವಾ ದಾಟಿ, ಜೊತೆಗೆ ಮೂತ್ರದಲ್ಲಿ ಪ್ರೋಟೀನ್ ಹೋಗುವುದೋ, ಲಿವರ್, ಕಿಡ್ನಿ, ಪ್ಲೇಟ್‌ಲೆಟ್‌ನಲ್ಲಿ ತೊಂದರೆಯೋ ಕಂಡರೆ ಪ್ರಿಎಕ್ಲಾಂಪ್ಸಿಯಾ ಅನ್ನುತ್ತಾರೆ. ಕನ್ನಡದಲ್ಲಿ ಗರ್ಭನಂಜು ಅಂತ ಬರೆಯುವುದುಂಟು. ಇದರ ಬೇರು ಮಾಸಿನಲ್ಲಿದೆ. ಬಸಿರಿನ ಶುರುವಿನಲ್ಲಿ ಗರ್ಭಕೋಶದ ಸುರುಳಿ ರಕ್ತನಾಳಗಳು ಅಗಲವಾಗಿ, ಮಾಸಿಗೆ ಧಾರಾಳ ರಕ್ತ ಹರಿಯಬೇಕು. ಅದು ಸರಿಯಾಗಿ ಆಗದಿದ್ದರೆ ಮಾಸಿಗೆ ಆಮ್ಲಜನಕ ಸಾಲುವುದಿಲ್ಲ. ಆಮ್ಲಜನಕ ಕಡಿಮೆಯಾದಾಗ ಚುರುಕಾಗುವ ಜೀನುಗಳಲ್ಲಿ ಲೆಪ್ಟಿನ್ನಿನದೂ ಒಂದು. ಹಾಗಾಗಿ ಪ್ರಿಎಕ್ಲಾಂಪ್ಸಿಯಾದಲ್ಲಿ ಲೆಪ್ಟಿನ್ ಅದೇ ತಿಂಗಳ, ಅದೇ ತೂಕದ ಬೇರೆ ಬಸುರಿಗಿಂತಲೂ ಏರಿರುತ್ತದೆ. ಕೆಲವು ಅಧ್ಯಯನಗಳಲ್ಲಿ ಬಿಪಿ ಏರುವ ಮೊದಲೇ ಏರಿದ್ದು ಕಂಡಿದೆ. ಇಲ್ಲಿ ಕೂಗುತ್ತಿರುವುದು ಮಾಸು. ತಾಯಿಯ ಕೊಬ್ಬಿನದ್ದಲ್ಲ ಆ ದನಿ.

ಅಡಿಪೊನೆಕ್ಟಿನ್ ಇಲ್ಲಿ ತಲೆಕೆಡಿಸುತ್ತದೆ. ತೂಕ ಜಾಸ್ತಿ ಇರುವ ಹೆಂಗಸರಲ್ಲಿ ಪ್ರಿಎಕ್ಲಾಂಪ್ಸಿಯಾ ಸಾಧ್ಯತೆ ಹೆಚ್ಚು, ಅವರಲ್ಲಿ ಅಡಿಪೊನೆಕ್ಟಿನ್ ಕಡಿಮೆ. ಹಾಗಿದ್ದರೆ ಪ್ರಿಎಕ್ಲಾಂಪ್ಸಿಯಾ ಬಂದವರಲ್ಲಿ ಅದು ಕಡಿಮೆ ಸಿಗಬೇಕು. ಆದರೆ ಹಲವು ಅಧ್ಯಯನಗಳಲ್ಲಿ ಜಾಸ್ತಿ ಸಿಕ್ಕಿದೆ, ಕೆಲವದರಲ್ಲಿ ಕಡಿಮೆ. ಕಿಡ್ನಿ ಸರಿಯಾಗಿ ಹೊರಹಾಕದೆ ರಕ್ತದಲ್ಲಿ ನಿಂತಿರಬಹುದು, ಅಥವಾ ಏಟು ತಿಂದ ರಕ್ತನಾಳಗಳನ್ನು ಕಾಪಾಡಲು ದೇಹವೇ ಜಾಸ್ತಿ ಮಾಡುತ್ತಿರಬಹುದು ಅನ್ನುವ ಎರಡು ವಾದಗಳಿವೆ. ಯಾವ ತಿಂಗಳಲ್ಲಿ ರಕ್ತ ತೆಗೆದರು, ತೆಳ್ಳಗಿನವರ ಜೊತೆ ಹೋಲಿಸಿದರೋ ದಪ್ಪಗಿನವರ ಜೊತೆಯೋ, ಅನ್ನುವುದರ ಮೇಲೆ ಉತ್ತರ ಬದಲಾಗುತ್ತದೆ. ಪ್ರಿಎಕ್ಲಾಂಪ್ಸಿಯಾಕ್ಕೆ ಅಡಿಪೊನೆಕ್ಟಿನ್ ಪರೀಕ್ಷೆ ಅಂತ ಯಾರಾದರೂ ಮಾರಿದರೆ ದಯವಿಟ್ಟು ದುಡ್ಡು ಕೊಡಬೇಡಿ.

ಮಗು ಸರಿಯಾಗಿ ಬೆಳೆಯದೆ ಸಣ್ಣದಾಗಿಯೇ ಉಳಿದಾಗ ಹೊಕ್ಕುಳಬಳ್ಳಿಯ ರಕ್ತದಲ್ಲಿ ಲೆಪ್ಟಿನ್ ಕಡಿಮೆ ಇರುತ್ತದೆ, ಯಾಕೆಂದರೆ ಮಗುವಿನ ಲೆಪ್ಟಿನ್ ಮಗುವಿನ ಸ್ವಂತ ಕೊಬ್ಬಿನ ಅಳತೆ. ಮಾಸು ಮಾಡುವ ಲೆಪ್ಟಿನ್ನಿನ ಬಹುಪಾಲು ತಾಯಿಯ ಕಡೆಗೇ ಹೋಗುತ್ತದೆ, ಮಗುವಿನ ಕಡೆ ಹೋಗುವುದು ಸ್ವಲ್ಪ. ಒಂದೇ ಹೆರಿಗೆ ಕೋಣೆಯಲ್ಲಿ, ಒಂದೇ ಹೊತ್ತಿನಲ್ಲಿ ತಾಯಿಯ ತೋಳಿನಿಂದ ತೆಗೆದ ರಕ್ತ ಒಂದು ಕತೆ ಹೇಳಿದರೆ, ಬಳ್ಳಿಯಿಂದ ತೆಗೆದ ರಕ್ತ ಇನ್ನೊಂದು ಹೇಳುತ್ತದೆ.

ಇಷ್ಟೆಲ್ಲ ಗೊತ್ತಿದ್ದೂ ನಿಮ್ಮ ಡಾಕ್ಟರ್ ಯಾಕೆ ಲೆಪ್ಟಿನ್, ಅಡಿಪೊನೆಕ್ಟಿನ್ ಬರೆದುಕೊಡುವುದಿಲ್ಲ? ಸಾವಿರ ಜನರ ಸರಾಸರಿ ತೆಗೆದಾಗ ಎರಡು ಗುಂಪಿನ ನಡುವೆ ವ್ಯತ್ಯಾಸ ಕಾಣುವುದು ಬೇರೆ, ನಿಮ್ಮೊಬ್ಬರ ಅಂಕಿ ನೋಡಿ 'ನಿಮಗೆ ಬರುತ್ತದೆ' ಅನ್ನುವುದು ಬೇರೆ. ಸಕ್ಕರೆ ಬಂದವರ ಮತ್ತು ಬಾರದವರ ಅಂಕಿಗಳು ಒಂದರ ಮೇಲೊಂದು ಬಿದ್ದಿರುತ್ತವೆ, ನಡುವೆ ಗೆರೆ ಎಳೆಯಲು ಆಗುವುದಿಲ್ಲ. ಜೊತೆಗೆ ಬಸಿರಿನಲ್ಲಿ ರಕ್ತದ ದ್ರವಭಾಗ ನೂರಕ್ಕೆ ನಲವತ್ತು-ಐವತ್ತರಷ್ಟು ಹೆಚ್ಚುತ್ತದೆ, ಎಲ್ಲ ಅಂಕಿಯೂ ಸ್ವಲ್ಪ ನೀರಾಗುತ್ತದೆ. ಲೆಪ್ಟಿನ್ ಹಗಲಿಗಿಂತ ರಾತ್ರಿ ಜಾಸ್ತಿ. ಒಂದು ಕಂಪನಿಯ ಕಿಟ್ ಕೊಟ್ಟ ಅಂಕಿ ಇನ್ನೊಂದರ ಜೊತೆ ಹೊಂದುವುದಿಲ್ಲ. ಯಾವ ವಾರ, ಎಷ್ಟು ತೂಕ, ಯಾವ ಹೊತ್ತು ಅನ್ನುವುದು ಜೊತೆಗಿಲ್ಲದಿದ್ದರೆ ಆ ಅಂಕಿ ವಿಳಾಸವಿಲ್ಲದ ಕಾಗದ.

ಅದಕ್ಕಿಂತ ದೊಡ್ಡ ಕಾರಣ, ಅಗ್ಗದ ಒಳ್ಳೆಯ ಪರೀಕ್ಷೆ ಕೈಯಲ್ಲೇ ಇದೆ. ಬಸುರಿ ಸಕ್ಕರೆಗೆ ನಮ್ಮ ದೇಶದ ಸರ್ಕಾರಿ ಮಾರ್ಗಸೂಚಿಯ ಪ್ರಕಾರ, ಊಟ ಆಗಿರಲಿ ಖಾಲಿ ಹೊಟ್ಟೆ ಇರಲಿ, 75 ಗ್ರಾಂ ಗ್ಲೂಕೋಸ್ ನೀರಲ್ಲಿ ಕಲಸಿ ಕುಡಿಸಿ ಎರಡು ಗಂಟೆ ಆದ ಮೇಲೆ ರಕ್ತ ನೋಡುತ್ತಾರೆ. 140 ಮಿಲಿಗ್ರಾಂ ಅಥವಾ ಜಾಸ್ತಿ ಇದ್ದರೆ ಬಸುರಿ ಸಕ್ಕರೆ. ಮೊದಲ ಭೇಟಿಯಲ್ಲಿ ಒಮ್ಮೆ, 24ರಿಂದ 28 ವಾರದ ನಡುವೆ ಮತ್ತೊಮ್ಮೆ. ಆ ಸಿಹಿನೀರು ಕುಡಿಯುವಾಗ ಹೊಟ್ಟೆ ತೊಳಸುತ್ತದೆ ನಿಜ, ಆದರೂ ತಪ್ಪಿಸಬೇಡಿ. ತಾಯಿ ಕಾರ್ಡಿನಲ್ಲಿ ಪ್ರತಿ ಸಲ ಬಿಪಿ ಮತ್ತು ತೂಕ ಬರೆಸಿಕೊಳ್ಳಿ. ತಡೆಯಲಾಗದ ತಲೆನೋವು, ಕಣ್ಣು ಮಂಜಾಗುವುದು, ಪಕ್ಕೆಲುಬಿನ ಕೆಳಗೆ ನೋವು, ಮುಖ ಇದ್ದಕ್ಕಿದ್ದಂತೆ ಊದುವುದು, ಇವು ಬಂದರೆ ಬೆಳಗಾಗಲಿ ಅಂತ ಕಾಯಬೇಡಿ, ಆಗಲೇ ಆಸ್ಪತ್ರೆಗೆ ಹೋಗಿ.

ಪ್ರಿಎಕ್ಲಾಂಪ್ಸಿಯಾಕ್ಕೆ ಆಸ್ಪತ್ರೆಯವರೆಗೂ ಬಂದ ರಕ್ತದ ಗುರುತು ಕೊಬ್ಬಿನದಲ್ಲ, ಮಾಸಿನದು. ರಕ್ತನಾಳ ಬೆಳೆಸುವ ಪಿಎಲ್‌ಜಿಎಫ್ ಮತ್ತು ಅದನ್ನು ತಡೆಯುವ ಎಸ್‌ಎಫ್‌ಎಲ್‌ಟಿ-1 ಅನ್ನುವ ಎರಡು ಪ್ರೋಟೀನುಗಳ ಅನುಪಾತ ಅದು, ಅಂದರೆ ಎಸ್‌ಎಫ್‌ಎಲ್‌ಟಿ-1 ಪಿಎಲ್‌ಜಿಎಫ್‌ನ ಎಷ್ಟು ಪಟ್ಟು ಇದೆ ಅನ್ನುವುದು. ಅನುಮಾನ ಇರುವ ಬಸುರಿಯಲ್ಲಿ ಈ ಅನುಪಾತ 38ಕ್ಕಿಂತ ಹೆಚ್ಚಿಲ್ಲದಿದ್ದರೆ ಮುಂದಿನ ಒಂದು ವಾರದಲ್ಲಿ ಪ್ರಿಎಕ್ಲಾಂಪ್ಸಿಯಾ ಬರುವ ಸಾಧ್ಯತೆ ತೀರಾ ಕಡಿಮೆ ಅಂತ 2016ರಲ್ಲಿ ಗೊತ್ತಾಯಿತು. ಮೊದಲೇ ಗುರುತಿಸುವುದರಿಂದ ಲಾಭವೂ ಇದೆ. ಅಪಾಯ ಹೆಚ್ಚಿರುವವರಿಗೆ 11–14ನೇ ವಾರದಿಂದ ದಿನಕ್ಕೆ 150 ಮಿಲಿಗ್ರಾಂ ಆಸ್ಪಿರಿನ್ ಕೊಟ್ಟಾಗ, ತಿಂಗಳು ತುಂಬುವ ಮೊದಲೇ ಬರುವ ಪ್ರಿಎಕ್ಲಾಂಪ್ಸಿಯಾ ಅರ್ಧಕ್ಕಿಂತ ಹೆಚ್ಚು ಇಳಿಯಿತು ಅಂತ 2017ರ ದೊಡ್ಡ ಪ್ರಯೋಗ ತೋರಿಸಿದೆ. ಡಾಕ್ಟರ್ ಹೇಳದೆ ನೀವಾಗಿ ತೆಗೆದುಕೊಳ್ಳುವ ಮಾತ್ರೆ ಅಲ್ಲ ಅದು. ಕೊಬ್ಬಿನ ಗುರುತುಗಳ ಮೇಲೆ ಸಂಶೋಧಕರು ಇನ್ನೂ ಕೆಲಸ ಮಾಡುತ್ತಿರುವುದೂ ಇದಕ್ಕೇ. ಒಂದೇ ಅಂಕಿ ನಂಬದೆ, ತೂಕ, ವಯಸ್ಸು, ಬಿಪಿ, ಮನೆತನದ ಸಕ್ಕರೆ ಇವುಗಳ ಜೊತೆ ಅಡಿಪೊನೆಕ್ಟಿನ್ ಸೇರಿಸಿದರೆ ಮೂರನೇ ತಿಂಗಳಲ್ಲೇ ಯಾರಿಗೆ ಜಾಸ್ತಿ ಗಮನ ಬೇಕು ಅಂತ ಹೇಳಬಹುದಾ ಅನ್ನುವ ಹುಡುಕಾಟ.

ನನ್ನ ತಂಗಿ ಮಾರನೇ ದಿನವೇ ರಿಪೋರ್ಟ್ ಹಿಡಿದು ಅವಳ ಡಾಕ್ಟರ್ ಹತ್ತಿರ ಹೋದಳು. ಅವರು ಲೆಪ್ಟಿನ್ ಸಾಲನ್ನು ನೋಡಿ ಪಕ್ಕಕ್ಕಿಟ್ಟು, ಬಿಪಿ ನೋಡಿದರು, ಗ್ಲೂಕೋಸ್ ಪರೀಕ್ಷೆ ಮಾಡಿಸಿದರು, ಎರಡೂ ಸರಿ ಇತ್ತು. ತೂಕ ಮಾತ್ರ ಹಿಂದಿನ ಸಲಕ್ಕಿಂತ ಅರ್ಧ ಕಿಲೋ ಇಳಿದಿತ್ತು, ಅದಕ್ಕೆ ಅವರಿಗೆ ಸಿಟ್ಟು ಬಂತಂತೆ. ರಾತ್ರಿ ಮತ್ತೆ ಅನ್ನ, ಸಾರು, ಪಲ್ಯ, ಮೊಸರು ಶುರುವಾಯಿತು. ತಿಂಗಳು ತುಂಬಿ ಹೆಣ್ಣುಮಗು ಹುಟ್ಟಿತು, 2.9 ಕಿಲೋ.

ಈಗ ಬಾಣಂತನ ನಡೆಯುತ್ತಿದೆ. ಮೊನ್ನೆ ನೋಡಲು ಹೋದಾಗ ಸೊಂಟ, ತೊಡೆ ಇನ್ನೂ ಇಳಿದಿಲ್ಲ ಅಂತ ಹೇಳಿಕೊಂಡಳು. ಆ ತೊಡೆಯ ಕೊಬ್ಬು ಸುಲಭಕ್ಕೆ ಕರಗುವುದಿಲ್ಲ, ಹಾಲೂಡಿಸುವ ತಿಂಗಳುಗಳಲ್ಲಿ ದೇಹ ಅದಕ್ಕೆ ಹೆಚ್ಚು ಸುಲಭವಾಗಿ ಬೀಗ ತೆಗೆಯುತ್ತದೆ ಅಂತ ಹೇಳಿದೆ. ಎದೆಹಾಲಿನಲ್ಲಿ ಲೆಪ್ಟಿನ್ ಇದೆ, ಅಡಿಪೊನೆಕ್ಟಿನ್ ಕೂಡ ಇದೆ ಅಂತಲೂ ಹೇಳಿದೆ. ಅವಳು ಮಗುವನ್ನು ಇನ್ನೊಂದು ಎದೆಗೆ ಬದಲಾಯಿಸಿಕೊಂಡು, 'ಹಾಗಾದ್ರೆ ಇವಳಿಗೂ ಸಾಕು ಅಂತ ಗೊತ್ತಾಗತ್ತಾ ಅಕ್ಕಾ?' ಅಂದಳು. ಮಗು ಆಗಲೇ ಬಾಯಿ ಬಿಟ್ಟು ನಿದ್ದೆ ಹೋಗಿತ್ತು.